ಮಳೆ ತಾಗದ ಹೆಸರು

ಅಂಗಿಯ ಜೇಬಿನ ಮೂಲೆಯಲ್ಲಿ ಆ ಕಣಗಳು ಇನ್ನೂ ಇದ್ದವು. ಹೆಂಡತಿ ಒಗೆದು, ಒಣಗಿಸಿ, ಇಸ್ತ್ರಿ ಹಾಕಿ ಕೊಟ್ಟ ಅಂಗಿ. ಆದರೂ ಕೊಟ್ಟಾರದಲ್ಲಿ ಬಸ್ಸು ಹತ್ತಿ ಚಿಲ್ಲರೆ ತೆಗೆಯಲು ದೀಪೇಶ ಬೆರಳು ಇಳಿಸಿದಾಗ ಹೊಲಿಗೆಯ ಸಂದಿನಲ್ಲಿ ದಪ್ಪ ಸಕ್ಕರೆಯಂಥ ಎರಡು ಮೂರು ಕಾಳು ಉಗುರಿಗೆ ಸಿಕ್ಕಿದವು. ಹಿಂದಿನ ಭಾನುವಾರ ಭಜನಾ ಮಂದಿರದ ಮೆಟ್ಟಿಲ ಪಕ್ಕದ ಬಿಳಿ ಕಲ್ಲನ್ನು ಹೆಬ್ಬೆರಳಿನಿಂದ ಉಜ್ಜಿದಾಗ ಉದುರಿದ್ದವು. ಯಾರಿಗೂ ಕಾಣದ ಹಾಗೆ ಬೆರಳನ್ನು ಜೇಬಿನೊಳಗೆ ಒರೆಸಿಕೊಂಡಿದ್ದ. ಈಗ ಅವನ್ನು ಹೊರಗೆ ತೆಗೆದು ಬಿಸಾಡುವುದೋ ಬೇಡವೋ ತಿಳಿಯಲಿಲ್ಲ. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು, ಕೈ ಹೊರಗೆ ಹಾಕಿ ಕೊಡವಿದರೆ ಕೂಳೂರು ಸಂಕ ದಾಟುವುದರೊಳಗೆ ಹೊಳೆಗೆ ಬಿದ್ದು ಹೋಗುತ್ತಿದ್ದವು. ಆದರೆ ಅದು ಅಪ್ಪನ ಹೆಸರಿನ ಕಲ್ಲು. ಬೂದಿಯ ಹಾಗೆ ಹೊಳೆಗೆ ಬಿಡುವುದೇ ಎಂಬ ಯೋಚನೆ ಬಂದದ್ದೇ ತಡ, ಬೆರಳು ತಾನಾಗಿ ಜೇಬಿನಿಂದ ಹೊರಗೆ ಬಂತು, ಖಾಲಿಯಾಗಿ. ಕಂಡಕ್ಟರ್ ಎರಡು ಸಲ ಕೇಳಿದ. "ಎಲ್ಲಿಗೆ ಅಣ್ಣಾ, ನಿದ್ರೆಯಾ?" ದೀಪೇಶ ಬೈಕಂಪಾಡಿ ಎಂದ. ಹುಟ್ಟಿ ಬೆಳೆದ ಊರಿನ ಹೆಸರನ್ನು ತಪ್ಪೊಪ್ಪಿಗೆಯ ಹಾಗೆ ಮೆಲ್ಲಗೆ ಹೇಳಿದ್ದು ಅವನಿಗೇ ಕೇಳಿಸಿತು.

ಇವತ್ತು ಮೂರು ಗಂಟೆಗೆ ಮಂದಿರದಲ್ಲಿ ಊರಿನ ನೆರೆಮನೆಯ ಹೇಮಕ್ಕ ದೀಪ ಮುಟ್ಟಿ ಪ್ರಮಾಣ ಮಾಡಬೇಕಿತ್ತು: ಮೆಟ್ಟಿಲಿಗೆ ಆಸಿಡ್ ಹಾಕಿದವಳು ನಾನಲ್ಲ ಎಂದು. ಆಸಿಡ್ ಹಾಕಿದ್ದಾರೆ ಎಂದು ಹೇಳಿದವನು ದೀಪೇಶ. ಹಾಕಿಲ್ಲ ಎಂದು ಊರಿನಲ್ಲಿ ಖಚಿತವಾಗಿ ಗೊತ್ತಿದ್ದವನೂ ಅವನೊಬ್ಬನೇ.

ಹೇಳಬೇಕೆಂದು ಹೇಳಿದ್ದಲ್ಲ. ಮಂದಿರದ ವಾರ್ಷಿಕ ಭಜನೆಗೆ ಮೊದಲು ಸುಣ್ಣ ಬಣ್ಣ ಆಗಬೇಕೆಂದು ನಾಲ್ಕು ಜನ ಸೇರಿದ್ದರು. ಅಧ್ಯಕ್ಷ ಅಣ್ಣು, ಅಪ್ಪನ ಕಾಲದಿಂದ ಮನೆಗೆ ಬಂದು ಹೋಗುತ್ತಿದ್ದವನು, ಲುಂಗಿ ಮೇಲೆ ಕಟ್ಟಿ ಮೆಟ್ಟಿಲ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಲ್ಲನ್ನು ಸವರಿದ್ದ. "ಇದು ನೋಡು ದೀಪು, ಐದಾರು ವರ್ಷದ ಕಲ್ಲಾ ಇದು? ಉಪ್ಪಿನ ಗೋಣಿ ಸವರಿದ ಹಾಗೆ ಆಗ್ತದೆ ಕೈಗೆ." ಮೂರು ಮೆಟ್ಟಿಲು, ಮೆಟ್ಟಿಲ ಪಕ್ಕಕ್ಕೆ ಒಂದು ಗಿಡ್ಡ ಕಟ್ಟೆ, ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿಸಿದ ಒಂದೇ ಅಮೃತಶಿಲೆಯ ಹಲಗೆ. ಎಲ್ಲ ಮಸ್ಕತ್ತಿನಿಂದ ಅಣ್ಣ ಮುಖೇಶ್ ಕಳಿಸಿದ ಹಣದಲ್ಲಿ ಆದದ್ದು. ಹಲಗೆಯ ಉದ್ದಕ್ಕೂ ಒಂದೇ ಸಾಲು ಕೆತ್ತಿದ್ದರು: ದಿವಂಗತ ಬೋಜ ಇವರ ಸ್ಮರಣಾರ್ಥ ಮಕ್ಕಳಾದ ಮುಖೇಶ್ ಮತ್ತು ದೀಪೇಶ್. ಸಾಲು ಶುರುವಾಗುವ ತುದಿ ಅಂಗಳಕ್ಕೆ ಚಾಚಿ ಬಯಲಿನಲ್ಲಿತ್ತು, ಮುಗಿಯುವ ತುದಿ ಮಾಡಿನ ಕೆಳಗೆ ಗೋಡೆಗೆ ತಾಗಿತ್ತು. ಬಯಲಿನಲ್ಲಿದ್ದ ಅಪ್ಪನ ಹೆಸರು ಚಪ್ಪಟೆಯಾಗಿ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಹೌದೋ ಅಲ್ಲವೋ ಎಂಬಂತೆ ಕಾಣುತ್ತಿತ್ತು. ನಡುವೆ 'ಸ್ಮರಣಾರ್ಥ' ಅರ್ಧ ಇತ್ತು. ಮಾಡಿನ ಕೆಳಗೆ ಮಕ್ಕಳ ಹೆಸರು ನಿನ್ನೆ ಕೆತ್ತಿದಷ್ಟು ಚೂಪು. ಅಲ್ಲಿ ಕಲ್ಲಿನ ಮೇಲೆ ಮಸಿಯಂಥ ತೆಳು ಕಪ್ಪು ಹಕ್ಕಳೆ ಕಟ್ಟಿತ್ತು, ಅಷ್ಟೇ. "ಅಪ್ಪನ ಹೆಸರು ಹೋಯ್ತು, ಮಕ್ಕಳದ್ದು ಉಳಿಯಿತು. ಕಲಿಯುಗ ಅಂದ್ರೆ ಇದೇ ಮಾರಾಯ!" ಎಂದು ಅಣ್ಣು ನಕ್ಕಾಗ ಉಳಿದವರೂ ನಕ್ಕರು. ದೀಪೇಶನೂ ನಕ್ಕ. ನಗುತ್ತಿರುವಾಗಲೇ ಅವನಿಗೆ ಎಲ್ಲ ಸ್ಪಷ್ಟವಾಗಿ ಕಂಡದ್ದು. ತೊಳೆಯುವವರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತೊಳೆಯುತ್ತಾರೆ. ಮಾಡಿನ ನೆರಳಿನ ಗೆರೆಗೆ ಸರಿಯಾಗಿ ನಿಲ್ಲುವುದು ಮಳೆ ಒಂದೇ.

ಆಗ ಅಣ್ಣು ತಲೆ ಎತ್ತಿ ಕೇಳಿದ, "ಕೆಲವರು ಹೇಳ್ತಾರೆ, ನಿಮ್ಮ ಕಂಪೆನಿಯ ಹೊಗೆ ಮಳೆಯಲ್ಲಿ ಸೇರಿ ಹೀಗೆ ಆಗುವುದು ಅಂತ. ಹೌದಾ?" ಎಲ್ಲ ಮುಖಗಳೂ ಅವನ ಕಡೆ ತಿರುಗಿದವು. ಯಾರೂ ಸಿಟ್ಟಿನಲ್ಲಿರಲಿಲ್ಲ, ಬರೀ ಕೇಳಿದ್ದು. ನಿಮ್ಮ ಕಂಪೆನಿ. ಆ 'ನಿಮ್ಮ' ಎಂಬುದು ಎಲ್ಲಿಯೋ ನಾಟಿತು. ಕಾರ್ಖಾನೆಯ ಲ್ಯಾಬಿನಲ್ಲಿ ಬಾಟ್ಲಿ ತೊಳೆದು, ನೀರು ಪರೀಕ್ಷೆ ಮಾಡುವ ತನ್ನದು ಯಾವ ಕಂಪೆನಿ? ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಿ ಒಳಗೆ ಹೋಗುವವನು. ಆದರೂ ಆ ಕ್ಷಣದಲ್ಲಿ ಚಿಮಣಿಯೇ ತನ್ನ ಬೆನ್ನಿಗೆ ಮೂಡಿದ ಹಾಗೆ, ಎಲ್ಲರೂ ಅದನ್ನು ನೋಡುತ್ತಿರುವ ಹಾಗೆ ಅವನಿಗೆ ಅನಿಸಿತು. ಕೆಲಸ ಹೋದೀತೆಂಬ ಹೆದರಿಕೆಯಲ್ಲ. ಹಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಹೊಟ್ಟೆಪಾಡು ಎನ್ನಬಹುದಿತ್ತು. ಅವರು ನೋಡುತ್ತಿದ್ದರು, ಆ ನೋಟ ಒಮ್ಮೆ ತಪ್ಪಿದರೆ ಸಾಕಾಗಿತ್ತು. "ಹೊಗೆಯಿಂದ ಹೀಗೆಲ್ಲ ಆಗುವುದಿಲ್ಲ. ಯಾರೋ ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಉಜ್ಜಿದ್ದಾರೆ" ಎಂದ. ಒಳಗಿನ ಅಕ್ಷರ ಯಾಕೆ ಉಳಿಯಿತು ಎಂದು ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಅವನೇ ಸೇರಿಸಿದ, "ಹೊರಗೆ ಪಾಚಿ ಹಿಡೀತದಲ್ಲ, ಅಲ್ಲಿ ಜಾಸ್ತಿ ಹಾಕಿದ್ದು." ಕಲಿತ ವಿದ್ಯೆಯೆಲ್ಲ ಆ ಎರಡನೇ ಮಾತಿಗೆ ಬೇಕಾಯಿತು. ಮಂದಿರ ಗುಡಿಸಿ ತೊಳೆಯುವುದು, ಸಂಜೆ ದೀಪ ಹಚ್ಚುವುದು ಹೇಮಕ್ಕನ ಸೇವೆ ಎಂಬುದು ಹೇಳುವಾಗ ನೆನಪಿರಲಿಲ್ಲವೆಂದು ಈ ಒಂದು ವಾರ ತನಗೆ ತಾನೇ ಹೇಳಿಕೊಂಡಿದ್ದ. ನೆನಪಿತ್ತು. ಅವಳು ಗುಡಿಸುವ ಹಿಡಿಸೂಡಿ ಅಲ್ಲೇ ಗೋಡೆಗೆ ಒರಗಿತ್ತು.

ಬಸ್ಸಿಳಿದರೆ ತಂಗುದಾಣದ ತಗಡಿನ ಮಾಡಿನಲ್ಲಿ ತೂತುಗಳು. ನೆಲದಲ್ಲಿ ಬಿಸಿಲಿನ ಚುಕ್ಕೆಗಳು. ಸತುವಿನ ಲೇಪ ಹೋದ ಮೇಲೆ ತಗಡು ಎಷ್ಟು ದಿನ? ಸಿಮೆಂಟಿನ ಕಂಬಗಳ ಮೇಲಿನ ನಯವೆಲ್ಲ ಹೋಗಿ ಒಳಗಿನ ಜಲ್ಲಿ ಕಣ್ಣು ಬಿಟ್ಟು ನೋಡುತ್ತಿತ್ತು. ಈ ದಾರಿಯಲ್ಲಿ ಬರುವಾಗ ಅವನಿಗೆ ಕಣ್ಣು ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಯಾವ ಗೋಡೆಯ ಮೇಲೆ ಮಳೆ ಯಾವ ಕಡೆಯಿಂದ ಹೊಡೆಯುತ್ತದೆ, ಕಿಟಕಿಯ ಸರಳು ಎಲ್ಲಿ ಮೊದಲು ತುಕ್ಕು ಹಿಡಿದಿದೆ, ಹಳೆಯ ಗಾರೆ ಎಲ್ಲಿ ಹಿಟ್ಟಾಗಿ ಉದುರಿದೆ, ಎಲ್ಲ ಅದರಷ್ಟಕ್ಕೆ ಕಾಣುತ್ತಿತ್ತು. ಕೆಂಪು ಮುರಕಲ್ಲಿಗೆ ಏನೂ ಆಗಿರಲಿಲ್ಲ, ಹಂಚಿಗೂ. ನೆಲದಿಂದ ಬಂದದ್ದು ಗಟ್ಟಿ. ಎಲ್ಲರ ಮನೆಯಲ್ಲಿ ಸೆಗಣಿ ಸಾರಿಸಿದ ಜಗಲಿ ಇದ್ದ ಕಾಲದಲ್ಲಿ ಈ ಮಳೆಗೆ ತಿನ್ನಲಿಕ್ಕೆ ಏನು ಸಿಗುತ್ತಿತ್ತು? ಅಮೃತಶಿಲೆ ತಂದದ್ದು ತಾವು. ಅಪ್ಪನ ಹೆಸರು ಶಾಶ್ವತವಾಗಲಿ ಎಂದು, ಈ ಊರಿನ ಮಳೆಗೆ ಎಲ್ಲಕ್ಕಿಂತ ಬೇಗ ಕರಗುವ ಕಲ್ಲನ್ನೇ ಆರಿಸಿ ತಂದು ಬಯಲಿನಲ್ಲಿ ಮಲಗಿಸಿದರು. ಆಗಲೇ ಅವನಿಗೆ ಗೊತ್ತಿತ್ತು. ಫೋನಿನಲ್ಲಿ ಮುಖೇಶ್ "ಬಿಳಿ ಮಾರ್ಬಲ್ಲೇ ಆಗ್ಬೇಕು, ಒಳ್ಳೇದು ನೋಡು, ದುಡ್ಡಿನ ಮುಖ ನೋಡ್ಬೇಡ" ಎಂದಾಗ, ಕರಿಕಲ್ಲು ಹಾಕುವ ಎಂದು ಒಂದು ಮಾತು ಹೇಳಬಹುದಿತ್ತು. ಯಾಕೆ ಎಂದು ಅಣ್ಣ ಕೇಳುತ್ತಿದ್ದ. ಆ ಯಾಕೆಗೆ ಉತ್ತರ ಚಿಮಣಿಯವರೆಗೆ ಹೋಗುತ್ತಿತ್ತು.

ಚಿಮಣಿ ಇಲ್ಲಿಂದಲೂ ಕಾಣುತ್ತದೆ. ಅದು ನಿಂತ ಜಾಗ ಹಿಂದೆ ಅವರ ಮನೆಯೆದುರಿನ ಬಾಕಿಮಾರು ಗದ್ದೆಯ ಆಚೆಯ ಬದು, ಹುಣಿ. ಜಾಗ ಕೊಟ್ಟವರ ಮನೆಗೆ ಒಂದು ಕೆಲಸ ಎಂದಾದಾಗ ಮುಖೇಶ್ ಮಸ್ಕತ್ತಿಗೆ ಹೋಗಿಯಾಗಿತ್ತು, ಕೆಲಸ ದೀಪೇಶನಿಗೆ ಬಂತು. ಗದ್ದೆ ಹೋದ ಮೇಲೂ ಅಪ್ಪ ಬೆಳಗಾದರೆ ಹೊಸ ಮನೆಯ ಅಂಗಳದಲ್ಲಿ ನಿಂತು ಹೊಗೆ ಯಾವ ಕಡೆ ಬಾಗುತ್ತದೆಂದು ನೋಡುತ್ತಿದ್ದ, ಹಿಂದೆ ಮೋಡ ನೋಡುತ್ತಿದ್ದ ಹಾಗೆ. ಮೂಡಕ್ಕೆ ಬಾಗಿದರೆ ಮಳೆ ಉಂಟು ಎನ್ನುತ್ತಿದ್ದ. ಹಿತ್ತಲ ಹರಿವೆಯ ಎಲೆಗಳಲ್ಲಿ ಬಿಳಿ ಬೊಟ್ಟುಗಳಾದಾಗ ಹೇಮಕ್ಕ ಬೇಲಿಯಾಚೆಯಿಂದ ಕೂಗಿ ಕೇಳಿದ್ದಳು, ಎಂತ ಬೋಜಣ್ಣ, ನಿಮ್ಮ ಹರಿವೆಗೂ ಸಿಡುಬು ಬಂತಾ ಎಂದು. ಅಪ್ಪ ನಕ್ಕಿದ್ದ. "ಅದು ನಮ್ಮ ದೀಪುವಿನ ಹೊಗೆ. ಮಗ ದುಡಿಯುವುದು ಎಲೆಗೂ ಗೊತ್ತಾಗ್ಬೇಕಲ್ಲ." ಆ ಎಲೆಯನ್ನೇ ಎರಡು ನೀರಿನಲ್ಲಿ ತೊಳೆದು ಪಲ್ಯ ಮಾಡಿಸಿ ಉಂಡ. ಹಾಗೆಂದದ್ದು ಹೆಮ್ಮೆಯೋ ಕುಟುಕೋ ಈಗಲೂ ತಿಳಿದಿಲ್ಲ. ಎರಡೂ ಅಲ್ಲದೆ, ಮಗನ ಮುಖ ಉಳಿಸಲು ಹೇಳಿದ್ದಿರಬಹುದು. ಅದೇ ಹೆಚ್ಚು ಸಂಕಟದ್ದು.

ಲ್ಯಾಬಿನ ತಾರಸಿಯಲ್ಲಿ ಮಳೆನೀರು ಹಿಡಿಯುವ ಆಲಿಕೆ ಉಂಟು. ನಾಲ್ಕು ದಿನ ಬಿಸಿಲಾಗಿ ಹೊಗೆ ಮೇಲೆ ಕೂತಿದ್ದು ಆಮೇಲೆ ಮಳೆ ಬಂದರೆ ಆ ಮೊದಲ ನೀರು ಹುಳಿ. ಕಾಗದ ಅದ್ದಿದರೆ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಅವನು ಕೆಲಸಕ್ಕೆ ಸೇರಿದ ವರ್ಷ ಆ ಬಾಟ್ಲಿ ಹಿಡಿದುಕೊಂಡು ಓಡಿ ಹೋಗಿ ಮೇಲಿನವರಾದ ಮಧ್ವರಾಜರಿಗೆ ತೋರಿಸಿದ್ದ. ಅವರು ಬೈಯಲಿಲ್ಲ. ಕನ್ನಡಕ ಹಣೆಗೇರಿಸಿ ಬೆಳಕಿಗೆ ಹಿಡಿದು ನೋಡಿ, "ಮೊದಲ ಮಳೆ ಅಂದ್ರೆ ಆಕಾಶ ಬಾಯಿ ಮುಕ್ಕಳಿಸಿದ ನೀರು ಮಾರಾಯ. ಅದನ್ನು ಯಾರಾದ್ರೂ ಪರೀಕ್ಷೆ ಮಾಡ್ತಾರಾ? ಚೆಲ್ಲಿ ಬಿಡು. ಆಮೇಲೆ ಬರುವುದನ್ನು ಹಿಡಿ" ಎಂದರು, ಅಮ್ಮ ಮಗುವಿಗೆ ಮಡಿ ಹೇಳಿಕೊಡುವ ಹಾಗೆ. ಒಂದೇ ಸಲ ಹೇಳಿದ್ದು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ. ಮಳೆ ಸದ್ದು ಕೇಳಿದರೆ ಅವನೇ ಮೆಟ್ಟಿಲು ಹತ್ತಿ ಮೊದಲ ಬಾಟ್ಲಿಯನ್ನು ಚೆಲ್ಲಿ, ತೊಳೆದು, ಎರಡನೆಯದನ್ನು ಇಡುತ್ತಿದ್ದ. ಅದು ಕೆಲಸದ ಕ್ರಮವೇ ಆಗಿಹೋಗಿತ್ತು, ಅನ್ನಕ್ಕಿಡುವ ಮೊದಲು ಅಕ್ಕಿ ತೊಳೆದ ನೀರು ಚೆಲ್ಲುವಂತೆ. ಚೆಲ್ಲಿದ್ದು ಎಲ್ಲಿಗೂ ಹೋಗಿರಲಿಲ್ಲ. ಅದೇ ಹೊತ್ತಿಗೆ ಅದೇ ನೀರು ಗೋಡೆಯಾಚೆ ಮಂದಿರದ ಮೆಟ್ಟಿಲ ಮೇಲೆ, ಅಪ್ಪನ ಹೆಸರಿನ ಗುಳಿಗಳಲ್ಲಿ ತುಂಬಿ ನಿಲ್ಲುತ್ತಿತ್ತು.

ಮಂದಿರದಲ್ಲಿ ಹತ್ತು ಹದಿನೈದು ಜನ ಚಾಪೆಯ ಮೇಲೆ ಕೂತಿದ್ದರು. ದೊಡ್ಡ ಪಂಚಾಯಿತಿಯ ಕಳೆ ಏನೂ ಇರಲಿಲ್ಲ, ಚಾ ಬಂದಿತ್ತು. ಹೇಮಕ್ಕ ಒಳಗೆ ಬಾರದೆ ಬಾಗಿಲ ಪಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಕೈಮಗ್ಗದ ಹಳೆಯ ಸೀರೆ, ಮಿಂದು ಬಂದ ಒದ್ದೆ ತಲೆ. ಪ್ರಮಾಣಕ್ಕೆಂದು ಮಿಂದು ಬಂದದ್ದು ನೋಡಿ ದೀಪೇಶ ಚಾದ ಲೋಟವನ್ನು ಕೆಳಗಿಟ್ಟ. ಅವನನ್ನು ಕಂಡು ಅವಳು ಯಾವಾಗಿನಂತೆ ಕೇಳಿದಳು. "ಬಂದ್ಯಾ ದೀಪು? ಊಟ ಆಯ್ತಾ? ಮಕ್ಕಳನ್ನು ಕರ್ಕೊಂಡು ಬರ್ಲಿಲ್ವಾ?" ಸಿಟ್ಟು ತೋರಿಸಿದ್ದರೆ ಅದಕ್ಕೆ ಬೆನ್ನು ಒಡ್ಡಬಹುದಿತ್ತು. ಆಯ್ತು ಹೇಮಕ್ಕ ಎಂದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಮುಖೇಶ್; ವಾಟ್ಸಾಪಿನಲ್ಲಿ ಮುಖ ಕಾಣಿಸಿಕೊಂಡು, ಹಿಂದೆ ಎ.ಸಿ.ಯ ಬಿಳಿ ಗೋಡೆ. "ಎಂತಾಯ್ತಾ? ಬಿಡ್ಬೇಡ ಮಾರಾಯ ಅವಳನ್ನು. ಪರವೂರಲ್ಲಿ ಬೆವರು ಸುರಿಸಿ ಅಪ್ಪನ ಹೆಸರಲ್ಲಿ ಒಂದು ಕೆಲಸ ಮಾಡಿದ್ದು. ಆಸಿಡ್ ಹಾಕಿ ತೊಳೆಯುವುದಾ? ತಲೆ ಉಂಟಾ ಅವಳಿಗೆ?" ದನಿ ಇಡೀ ಮಂದಿರಕ್ಕೆ ಕೇಳಿತು. ದೀಪೇಶ ಗಡಿಬಿಡಿಯಲ್ಲಿ ತಪ್ಪು ಗುಂಡಿ ಒತ್ತಿದ, ದನಿ ಇನ್ನೂ ದೊಡ್ಡದಾಗಿ ಆಮೇಲೆ ಕಟ್ ಆಯಿತು. ಹೇಮಕ್ಕ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಅಂಗಳದ ಕಡೆ ನೋಡಿದಳು.

"ಆಯ್ತಲ್ಲ, ದೊಡ್ಡ ವಿಷಯ ಮಾಡುವುದು ಬೇಡ" ಎಂದು ಅಣ್ಣು ಎದ್ದ. "ಹೇಮಕ್ಕ ಕದ್ದವಳಲ್ಲ, ಕೊಂದವಳಲ್ಲ. ಅವಳು ಹಾಕಿಲ್ಲ ಅಂತಾಳೆ. ದೇವರ ದೀಪ ಮುಟ್ಟಿ ಅಷ್ಟು ಹೇಳಿಬಿಡ್ಲಿ, ನಾವೆಲ್ಲ ಎದ್ದು ಮನೆಗೆ ಹೋಗುವ. ಅವಳ ದೀಪ ಅವಳೇ ಹಚ್ಚಿಕೊಂಡಿರ್ಲಿ." ಎಲ್ಲರಿಗೂ ಇದು ಸರಿ ಕಂಡಿತು. ದೀಪೇಶನಿಗೂ. ಅವಳು ಮುಟ್ಟಿ ಹೇಳುತ್ತಾಳೆ, ಸತ್ಯವನ್ನೇ ಹೇಳುತ್ತಾಳೆ. ಅವಳ ಸೇವೆ ಅವಳಿಗೆ ಉಳಿಯುತ್ತದೆ. ತನ್ನ ಮಾತು ಸುಳ್ಳಾಗುತ್ತದೆ, ಆಗಲಿ. ಯಾರೂ ಅದನ್ನು ಬಿಡಿಸಿ ನೋಡಲಿಕ್ಕೆ ಹೋಗುವುದಿಲ್ಲ. ಓದಿದವನಿಗೂ ಒಮ್ಮೊಮ್ಮೆ ತಪ್ಪುತ್ತದೆ ಎಂದು ಅಣ್ಣು ಒಂದು ತಮಾಷೆ ಮಾಡುತ್ತಾನೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಒಬ್ಬ ಮುದುಕಿಯ ಕೈ ತನ್ನನ್ನು ಬಿಡಿಸಲಿ ಎಂದು ಕಾಯುತ್ತಿದ್ದೇನೆ ಎಂಬುದು ಹೊಳೆದರೂ, ಅದನ್ನು ಆಮೇಲೆ ಯೋಚಿಸಿದರಾಯಿತು ಎಂದುಕೊಂಡ.

ಹೇಮಕ್ಕ ಕಾಲು ತೊಳೆದು ಒಳಗೆ ಬಂದಳು. ದಿನವೂ ಅವಳೇ ಹಚ್ಚುವ ಕಾಲುದೀಪ. ಬತ್ತಿ ಸರಿಯಿಲ್ಲವೆಂದು ಕಂಡಿರಬೇಕು, ಅಭ್ಯಾಸದಂತೆ ಬೆರಳಿನಿಂದ ಅದನ್ನು ಸ್ವಲ್ಪ ಎಳೆದು ನೇರ ಮಾಡಿ, ಬೆರಳನ್ನು ತಲೆಗೆ ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು. ಚಾಚಿದ ಕೈ ದೀಪದ ಕಂಬಕ್ಕೆ ಗೇಣು ದೂರದಲ್ಲಿ ನಿಂತಿತು. ಅವಳು ತಿರುಗಿದ್ದು ಅಣ್ಣುವಿನ ಕಡೆಗಲ್ಲ.

"ದೀಪು, ಒಂದು ಕೇಳ್ತೇನೆ. ನಾನು ತೊಳೆಯುವುದು ಅಂಟುವಾಳದ ನೀರಿನಲ್ಲಿ, ಅದು ಎಲ್ಲರಿಗೂ ಗೊತ್ತುಂಟು. ಆದ್ರೆ ಚೌತಿಯ ಸಮಯಕ್ಕೆ ಮಗಳು ಒಂದು ಗುಲಾಬಿ ಬಣ್ಣದ ಫಿನಾಯಿಲ್ ತಂದುಕೊಟ್ಟಿದ್ಳು, ಪರಿಮಳದ್ದು. ಅದನ್ನು ನಾಲ್ಕು ಸಲ ಹಾಕಿದ್ದೇನೆ. ದೇವರ ಮನೆ ಪರಿಮಳ ಬರ್ಲಿ ಅಂತ. ಈ ವಾರ ಪೂರಾ ಅದೇ ಆಲೋಚನೆ ನನಗೆ. ಅದರಲ್ಲಿ ಆಸಿಡ್ ಉಂಟಾ? ನೀನು ಓದಿದವ, ದಿನಾ ಅದೇ ಕೆಲಸ ನಿಂದು. ನೀನು ಇಲ್ಲ ಅಂದ್ರೆ ನಾನು ದೀಪ ಮುಟ್ತೇನೆ."

ಇಲ್ಲ ಎಂಬುದು ಎರಡು ಅಕ್ಷರ. ಆ ಗುಲಾಬಿ ನೀರಿನಲ್ಲಿ ನಾಲ್ಕು ಸಲ ಅಲ್ಲ, ನಾಲ್ಕು ವರ್ಷ ತೊಳೆದರೂ ಅಕ್ಷರ ಅಳಿಯದು. ಇಲ್ಲ ಹೇಮಕ್ಕ ಎಂದರೆ ಮುಗಿಯಿತು. ಆದರೆ ಹಾಗೆಂದ ಮೇಲೆ ಅಣ್ಣು ಕೇಳಿಯೇ ಕೇಳುತ್ತಾನೆ: ಹಾಗಾದ್ರೆ ಯಾವುದರಿಂದ ಮಾರಾಯ? ಈಗಲೇ ಕೇಳಲು ಅವನು ಬಾಯಿ ತೆರೆದು ಕೂತಿದ್ದಾನೆ. ಎಲ್ಲರ ಮುಖ ಮತ್ತೆ ಈ ಕಡೆ ತಿರುಗಿತ್ತು. ಹೇಮಕ್ಕನ ಮುಖದಲ್ಲಿ ಅನುಮಾನದ ನೆರಳೂ ಇರಲಿಲ್ಲ, ವೈದ್ಯರ ಎದುರು ಕೂತವರ ಮುಖ. ದೀಪೇಶನಿಗೆ ತನ್ನ ನಾಲಗೆಯ ಮೇಲೆ ಆ ಮೊದಲ ಬಾಟ್ಲಿಯ ನೀರಿನ ರುಚಿ ಬಂತು, ಎಂದೂ ಕುಡಿದಿರದ ನೀರು. "ಇರಬಹುದು" ಎಂದ. ಯಾರೋ ಕೆಮ್ಮಿದರು. "ಸ್ವಲ್ಪ ಇರ್ತದೆ, ಅಂಥದ್ದರಲ್ಲಿ."

ಅವಳು ಕೈ ಹಿಂದೆ ತೆಗೆದುಕೊಂಡಳು. ಬಿಸಿ ತಾಗಿದವರ ಹಾಗೆ ಅಲ್ಲ. ಮೆಲ್ಲಗೆ, ಮಲಗಿದ ಮಗುವಿನ ಮೇಲಿಂದ ಕೈ ತೆಗೆಯುವ ಹಾಗೆ. "ಹಾಗಾದ್ರೆ ನಾನೇ" ಎಂದಳು. ಆಮೇಲೆ ದೀಪೇಶ ಏಳುವ ಮೊದಲೇ ಅವನೆದುರಿಗೆ ಬಂದು, ಅವನಿಗೆ ಕೈ ಮುಗಿದಳು. "ಗೊತ್ತಿರ್ಲಿಲ್ಲ ಮಗಾ. ನಿನ್ನ ಅಪ್ಪನ ಹೆಸರನ್ನು ನಾನೇ ತೊಳೆದು ತೆಗೆದುಬಿಟ್ಟೆ. ಪರಿಮಳದ ಆಸೆಗೆ. ಬೋಜಣ್ಣ ಇದ್ದಿದ್ರೆ ಎರಡು ಬೈದು ಬಿಡ್ತಿದ್ರು. ನೀನು ಏನೂ ಹೇಳುವವನಲ್ಲ, ಅದೇ ನನಗೆ ಕಷ್ಟ." ಅವನು ಛೆ ಛೆ ಎಂದ. ಎದ್ದು ನಿಂತು ಅವಳ ಕೈಗಳನ್ನು ಬಿಡಿಸಲು ಹೋದ. ಅಂಗೈಗಳು ಒರಟು, ಅಂಟುವಾಳಕ್ಕೆ ಬಿಳಿಚಿದ್ದವು. "ಇರ್ಲಿ ಹೇಮಕ್ಕ, ಹೋಗ್ಲಿ ಬಿಡಿ" ಎಂಬ ಮಾತು ಬಾಯಿಂದ ಬಂತು. ಕ್ಷಮಿಸುವವನ ದನಿಯಲ್ಲಿ ಬಂತು. ಅದನ್ನು ಹಿಂದಕ್ಕೆ ಎಳೆದುಕೊಳ್ಳುವ ದಾರಿ ಇರಲಿಲ್ಲ. "ದೊಡ್ಡ ಮನಸ್ಸು ಇವನದ್ದು, ಅಪ್ಪನ ಹಾಗೆಯೇ" ಎಂದು ಚಾಪೆಯ ಆ ತುದಿಯಿಂದ ಯಾರೋ ಹೇಳಿದರು.

ಅಣ್ಣು ಹೊಸದಾಗಿ ಕರಿಕಲ್ಲು ಹಾಕಿಸುವ ವಿಷಯ ಎತ್ತಿದ. ಹೇಮಕ್ಕ ಸೊಂಟದಿಂದ ಮಂದಿರದ ಬೀಗದ ಕೈ ಬಿಚ್ಚಿ ಹರಿವಾಣದ ಪಕ್ಕ ಇಟ್ಟಳು. ಬೇಡ ಬೇಡ ಎಂದು ಎರಡು ಮೂರು ಜನ ಹೇಳಿದರು, ತೆಗೆದು ಅವಳ ಕೈಗೆ ಕೊಡಲು ಯಾರೂ ಏಳಲಿಲ್ಲ. "ತಿಳಿಯದೆ ಮಾಡಿದ್ದು ಆದ್ರೂ ಮಾಡಿದ್ದೇ ಅಲ್ವಾ? ಇನ್ನು ಈ ಕೈಯಲ್ಲಿ ದೀಪ ಹಚ್ಚಿದ್ರೆ ನನಗೆ ನಿದ್ರೆ ಬರ್ಲಿಕ್ಕಿಲ್ಲ" ಎಂದಳು. ಬಾಗಿಲ ತನಕ ಹೋದವಳು ನಿಂತು, ಮತ್ತೆ ಅವನನ್ನೇ ಕೇಳಿದಳು. "ಉಳಿದ ಅಕ್ಷರ ಆದ್ರೂ ಉಳಿಯಬೇಕಾದ್ರೆ ಎಂತ ಮಾಡ್ಬೇಕು ದೀಪು?"

"ಮಳೆ ತಾಗದ ಹಾಗೆ ನೋಡಿಕೊಂಡ್ರೆ ಸಾಕು."

ಹೇಳಿದ ಮೇಲೆ ಅವನಿಗೆ ಕೇಳಿಸಿತು. ಒಂದು ವಾರದಲ್ಲಿ ಅವನು ಆಡಿದ ಒಂದೇ ನಿಜ. ಈಗ ಯಾರಾದರೂ ಹಿಡಿಯುತ್ತಾರೆ, ಮಳೆಗೂ ಇದಕ್ಕೂ ಎಂತ ಸಂಬಂಧ ಎಂದು ಕೇಳುತ್ತಾರೆ. ಹಿಡಿಯಲಿ ಎಂದು ಒಳಗೆ ಯಾವುದೋ ಒಂದು ಚೂರು ಕಾದು ನಿಂತಿತು. "ಹೌದೌದು, ಗಾಯಕ್ಕೆ ನೀರು ತಾಗಿಸ್ಬಾರ್ದು, ಹಾಗೆಯೇ" ಎಂದ ಅಣ್ಣು. ಎಲ್ಲರೂ ತಲೆಯಾಡಿಸಿದರು.

ಹೊರಗೆ ಗುಡುಗಿತು. ಎಂಟು ಹತ್ತು ದಿನ ಹನಿ ಬಿದ್ದಿರಲಿಲ್ಲ. ತುಲಾ ತಿಂಗಳ ಮಳೆ, ಯಾರನ್ನೂ ಕೇಳದೆ ಬರುವಂಥದ್ದು. ಚಿಮಣಿಯ ಹೊಗೆ ಬಾಗಿ ಮೂಡಕ್ಕೆ ತಿರುಗಿದ್ದನ್ನು ದೀಪೇಶ ಬಾಗಿಲಿನಿಂದ ನೋಡಿದ. ಮೊದಲ ದಪ್ಪ ಹನಿಗಳು ಅಂಗಳದ ಧೂಳಿನಲ್ಲಿ ಗುಳಿ ಮಾಡಿದವು, ಆಮೇಲೆ ಒಮ್ಮೆಲೇ ಸುರಿಯಿತು. ಚಪ್ಪಲಿ ಒಳಗೆ ತರುವವರ, ಬೈಕಿಗೆ ಪ್ಲಾಸ್ಟಿಕ್ ಹೊದೆಸುವವರ ಗಡಿಬಿಡಿ. ಈ ಹೊತ್ತಿಗೆ ಲ್ಯಾಬಿನ ತಾರಸಿಯ ಮೇಲೆ ಬಾಟ್ಲಿ ತುಂಬುತ್ತಿರಬೇಕು, ಇವತ್ತಿನ ಪಾಳಿಯವನು ಅದನ್ನು ಚೆಲ್ಲಲು ಮೆಟ್ಟಿಲು ಹತ್ತುತ್ತಿರಬೇಕು. ಆ ಪಾಠ ಅವನಿಗೆ ಹೇಳಿಕೊಟ್ಟದ್ದು ದೀಪೇಶನೇ. ಆಗ ಕಣ್ಣಿಗೆ ಬಿದ್ದವಳು ಹೇಮಕ್ಕ.

ಅವಳು ಮನೆಗೆ ಹೋಗಿರಲಿಲ್ಲ. ಅಂಗಳದಲ್ಲಿ, ಕಟ್ಟೆಯ ಹೊರತುದಿಯ ಬಳಿ ನಿಂತು, ತನ್ನ ಕರಿ ಕೊಡೆಯನ್ನು ಬಿಡಿಸಿ ಕಲ್ಲಿನ ಮೇಲೆ ಹಿಡಿದಿದ್ದಳು. ಅವಳ ತಲೆ, ಹೆಗಲು, ಬೆನ್ನು ಎಲ್ಲ ಕೊಡೆಯ ಹೊರಗೆ. ಕೊಡೆಯ ಅಂಚಿನ ನೀರು ಕಲ್ಲಿಗೆ ಸಿಡಿಯದಿರಲೆಂದು ಇನ್ನೊಂದು ಕೈಯಲ್ಲಿ ಸೆರಗನ್ನು ಅಡ್ಡ ಹಿಡಿದುಕೊಂಡಿದ್ದಳು. "ಅಯ್ಯೋ ಹೇಮಕ್ಕ, ಎಂತ ಮರುಳು ನಿಮಗೆ!" ಎಂದು ಒಳಗಿನಿಂದ ಅಣ್ಣು ಕೂಗಿದ. "ಬನ್ನಿ ಒಳಗೆ! ಹೋದದ್ದು ಹೋಯ್ತು, ಇನ್ನು ಮಳೆ ಎಂತ ಮಾಡ್ತದೆ ಅದಕ್ಕೆ?" ನಗು ಕೇಳಿಸಿತು. ಕೆಟ್ಟ ನಗುವಲ್ಲ, ಮರುಕದ ನಗು.

ದೀಪೇಶ ಮೆಟ್ಟಿಲಿಳಿದ. ಬರಿಗಾಲಿಗೆ ಕಲ್ಲು ಚುಚ್ಚಿತು, ಒದ್ದೆ ಸಕ್ಕರೆಯ ಮೇಲೆ ನಡೆದ ಹಾಗೆ. ಮಳೆ ತಲೆಯ ಮೇಲೆ, ತುಟಿಯ ಮೇಲೆ ಬಿತ್ತು. ಅವಳ ಪಕ್ಕ ನಿಂತು, ಹೇಮಕ್ಕ, ಎಂದ. ಮುಂದಿನ ಮಾತು ಬಾಯಲ್ಲಿತ್ತು. ಇಷ್ಟು ಮಳೆಯ ಸದ್ದಿನಲ್ಲಿ ಅವಳೊಬ್ಬಳಿಗೇ ಕೇಳುತ್ತಿತ್ತು, ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ಅವಳು ತಿರುಗಿ ನೋಡಿದಳು. ರೆಪ್ಪೆಗಳಿಂದ ನೀರು ಇಳಿಯುತ್ತಿತ್ತು. ಕೊಡೆ ಹಿಡಿದ ಕೈ ಅಲುಗದಂತೆ ಮೊಣಕೈಯಿಂದ ಅವನನ್ನು ಮೆಲ್ಲಗೆ ಮೆಟ್ಟಿಲ ಕಡೆಗೆ ತಳ್ಳಿದಳು, ಚಿಕ್ಕಂದಿನಲ್ಲಿ ಗದ್ದೆಯ ಹುಣಿಯ ಮೇಲಿಂದ ಮನೆಗೆ ಅಟ್ಟುತ್ತಿದ್ದ ಹಾಗೆ.

"ಬಿಸಿಲಿನ ಮೇಲೆ ಬಂದ ಮೊದಲ ಮಳೆ ಮಗಾ ಇದು, ನೆನೆದ್ರೆ ಜ್ವರ ಬರ್ತದೆ. ನೀನು ಒಳಗೆ ಹೋಗು."

ಅವನು ಒಳಗೆ ಹೋದ. ಮಾಡಿನ ಕೆಳಗೆ ನಿಂತು ಯಾರೋ ಕೊಟ್ಟ ಬೈರಾಸಿನಲ್ಲಿ ತಲೆ ಒರೆಸಿಕೊಂಡ. ಒರೆಸಿಕೊಳ್ಳುವಾಗ ಕಟ್ಟೆಗೆ ಊರಿದ ಎಡಗೈಯ ಕೆಳಗೆ, ಒಣ ಕಲ್ಲಿನಲ್ಲಿ, ಅವನ ಹೆಸರಿನ ಅಂಚುಗಳು ಚೂಪಾಗಿ ಅಂಗೈಗೆ ಒತ್ತುತ್ತಿದ್ದವು.